ಪಕ್ಕದ ಸೀಟಿನ ಬ್ರೇಕು

ಊರಿನಲ್ಲಿ ಕಾರು ಓಡಿಸುವವರಲ್ಲಿ ಅರ್ಧಕ್ಕರ್ಧ ಜನರಿಗೆ ಸ್ಟೀರಿಂಗ್ ಹಿಡಿಯಲು ಕಲಿಸಿದವಳು ಬ್ರೇಕಮ್ಮ. ತಂದೆತಾಯಿ ಇಟ್ಟ ಹೆಸರು ಬೇರೆಯೇ ಇತ್ತು, ಅದು ಲೈಸೆನ್ಸಿನ ಮೇಲೆ ಮಾತ್ರ ಉಳಿದಿತ್ತು. ಹೊಸಬರು ಗಾಬರಿಯಲ್ಲಿ ಕಾರನ್ನು ಕಂಬದ ಕಡೆಗೋ ಮೋರಿಯ ಕಡೆಗೋ ತಿರುಗಿಸಿದರೆ ಅವಳು ಕೂಗುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಪಕ್ಕದ ಸೀಟಿನಲ್ಲಿ ಕೂತವಳು ತನ್ನ ಕಾಲ ಬಳಿ ಇದ್ದ ಎರಡನೇ ಬ್ರೇಕನ್ನು ಒತ್ತಿ ಗಾಡಿ ನಿಲ್ಲಿಸಿ, ಕನ್ನಡಕ ಸರಿಮಾಡಿಕೊಂಡು, "ಈಗ ಹೇಳಿ, ಎಲ್ಲಿಗೆ ಹೊರಟಿದ್ರಿ?" ಎಂದು ಕೇಳುತ್ತಿದ್ದಳು. ಮೊದಮೊದಲು ಜನ ಬೆನ್ನ ಹಿಂದೆ ಬ್ರೇಕಮ್ಮ ಅನ್ನುತ್ತಿದ್ದರು. ಆಮೇಲೆ ಹಾಲಿನವನೂ ಎದುರಿಗೇ ಹಾಗೆ ಕರೆಯತೊಡಗಿದ. ಅವಳೇನೂ ಮುಖ ಗಂಟು ಹಾಕಿಕೊಳ್ಳಲಿಲ್ಲ. ಓಡಿಸುವವರು ಊರ ತುಂಬ ಇದ್ದಾರೆ, ನಿಲ್ಲಿಸುವವಳು ತಾನೊಬ್ಬಳೇ ಎಂಬ ಸಣ್ಣ ಜಂಬವೂ ಇತ್ತು ಅನ್ನಿ.

ಡ್ರೈವಿಂಗ್ ಸ್ಕೂಲ್ ಎಂದರೆ ದೊಡ್ಡದೇನಲ್ಲ. ರಸ್ತೆಯ ಕಡೆ ಬಾಗಿಲಿರುವ ಒಂದು ಕೋಣೆ, ಗೋಡೆಯ ಮೇಲೆ ಸಂಚಾರ ಚಿಹ್ನೆಗಳ ಬಣ್ಣಗೆಟ್ಟ ಪಟ, ಎರಡು ಬೆಂಚು, ಬಾಗಿಲೆದುರು ಒಂದು ಬೂದು ಬಣ್ಣದ ಕಾರು. ಸ್ಕೂಲು ಶುರು ಮಾಡಿದವರು ಅವಳ ಗಂಡ. ಊರಿಗೆಲ್ಲ ಅವರು ಮೇಷ್ಟ್ರು, ಹಾಗಾಗಿ ಮನೆಯಲ್ಲೂ ಮೇಷ್ಟ್ರೇ ಆದರು. ಈ ಬೂದು ಕಾರು ಬಂದಾಗ ಮಗಳು ಇನ್ನೂ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಳು. ಮೇಷ್ಟ್ರು ಬೆಳಗ್ಗೆ ಎದ್ದವರೇ ಹೆಂಡತಿಯ ಮುಖವನ್ನೂ ನೋಡದೆ ಹೊರಗೆ ಹೋಗಿ ಕಾರಿನ ಗಾಜು ಒರೆಸುತ್ತ ನಿಲ್ಲುತ್ತಿದ್ದರು. ಅದನ್ನು ನಾಲ್ಕು ದಿನ ನೋಡಿದ ಬ್ರೇಕಮ್ಮ ಆ ಗಾಡಿಗೆ 'ಸವತಿ' ಎಂದು ಹೆಸರಿಟ್ಟಳು. "ನಿಮ್ಮ ಕಾಫಿ ಇಲ್ಲಿದೆ, ನನ್ನ ಸವತಿಗೂ ಒಂದು ಲೋಟ ತರ್ಲಾ?" ಎಂದು ಬಾಗಿಲಿನಿಂದಲೇ ಕೇಳುತ್ತಿದ್ದಳು. ಮೇಷ್ಟ್ರು ನಗುತ್ತಿದ್ದರು, ಒರೆಸುವುದನ್ನು ಮಾತ್ರ ಬಿಡುತ್ತಿರಲಿಲ್ಲ.

ಕಲಿಯಲು ಹೆಂಗಸರು ಹೆಚ್ಚು ಬರತೊಡಗಿದಾಗ ಮೇಷ್ಟ್ರೇ ಅವಳನ್ನು ಪಕ್ಕದ ಸೀಟಿಗೆ ಕೂರಿಸಿದರು. ಅವಳಿಗೋ ಹೆದರಿಕೆ. ತಾನು ಓಡಿಸುವುದು ಬೇರೆ, ಓಡಿಸಲು ಬಾರದವರ ಪಕ್ಕದಲ್ಲಿ ಜೀವ ಕೈಯಲ್ಲಿ ಹಿಡಿದು ಕೂರುವುದು ಬೇರೆ. ಆಗ ಮೇಷ್ಟ್ರು ಅವಳ ಕಾಲ ಬಳಿಯ ಬ್ರೇಕನ್ನು ತೋರಿಸಿದರು. ಅದನ್ನು ಅವರೇ ಕೈಯಾರೆ ಕೂರಿಸಿದ್ದರು. ಆ ಪೆಡಲಿನಿಂದ ಓಡಿಸುವವರ ಕಡೆಯ ಪೆಡಲಿಗೆ ಒಂದು ಉಕ್ಕಿನ ಕೇಬಲ್ ಎಳೆದಿದ್ದರು. ಇವಳು ಒತ್ತಿದರೆ ಅದೂ ಒತ್ತಿಕೊಳ್ಳುತ್ತಿತ್ತು.

"ಈ ಕೇಬಲ್ಲಿಗೆ ನಾನು ಗ್ಯಾರಂಟಿ," ಅಂದಿದ್ದರು ಮೇಷ್ಟ್ರು. "ಗಾಡಿ ಹೋಗ್ಬಹುದು, ಇದು ಹೋಗಲ್ಲ. ನೀನು ಧೈರ್ಯವಾಗಿ ಕೂತ್ಕೋ."

ಆ ಒಂದು ಮಾತಿನ ಮೇಲೆ ಅವಳು ಕೂತಳು. ಕೂತವಳು ಏಳಲೇ ಇಲ್ಲ.

ಆ ಸ್ಕೂಲಿನಲ್ಲಿ ಮೇಷ್ಟ್ರು ಹಾಕಿಕೊಟ್ಟ ಪದ್ಧತಿ ಒಂದಿತ್ತು. ಕಲಿಯುವವರ ಕಾಲು ತಮ್ಮ ಕಾಲಿಗಿಂತ ಮೊದಲೇ ಬ್ರೇಕಿಗೆ ಹೋಗತೊಡಗಿದೆ ಎಂದು ಖಾತ್ರಿಯಾದ ದಿನ, ಮೇಷ್ಟ್ರು ಏನೂ ಹೇಳದೆ, ಓಡುವ ಗಾಡಿಯಲ್ಲೇ, ಕಾಲ ಮೇಲೆ ಕಾಲು ಹಾಕಿಕೊಂಡು ಕಿಟಕಿಯ ಹೊರಗೆ ನೋಡುತ್ತ ಕೂತುಬಿಡುತ್ತಿದ್ದರು. ಪಾಠ ಮುಗಿಯಿತು ಎಂದರ್ಥ. ಪರೀಕ್ಷೆ, ಲೈಸೆನ್ಸು ಎಲ್ಲ ಆಮೇಲಿನ ಮಾತು. ಬ್ರೇಕಮ್ಮನೂ ಅದನ್ನೇ ಮುಂದುವರಿಸಿದಳು. ಪಕ್ಕದ ಸೀಟಿನಲ್ಲಿ ಸೀರೆಯ ನೆರಿಗೆ ಸರಿಯುವ ಸದ್ದಾದರೆ ಸಾಕು, ಸ್ಟೀರಿಂಗ್ ಹಿಡಿದವರ ಎದೆ ಉಬ್ಬುತ್ತಿತ್ತು. ಕೆಲವರಿಗೆ ಕಣ್ಣಲ್ಲಿ ನೀರೇ ಬರುತ್ತಿತ್ತು. ಅಂಥವರಿಗೆ "ಕಣ್ಣೊರೆಸ್ಕೊಳ್ಳಿ, ಎದುರಿಗೆ ಬಸ್ ಬರ್ತಿದೆ" ಎನ್ನುತ್ತಿದ್ದಳು.

ಆದರೆ ಅವಳು ಓಡಿಸುವಾಗ ಮಾತ್ರ ಮೇಷ್ಟ್ರು ಎಂದೂ ಕಾಲ ಮೇಲೆ ಕಾಲು ಹಾಕಿದವರಲ್ಲ. ತರಕಾರಿ ತರಲು ಹೋದರೂ ಅವರ ಕಾಲು ಆ ಬ್ರೇಕಿನ ಮೇಲೇ. ಊರಿಗೆಲ್ಲ ಕಲಿಸುವ ಹೆಂಡತಿಯನ್ನೇ ನಂಬುವುದಿಲ್ಲವೆಂದು ಅವಳು ಹಂಗಿಸುತ್ತಿದ್ದಳು. ಅಭ್ಯಾಸ ಕಣೇ, ಅಂದು ಅವರು ನುಣುಚಿಕೊಳ್ಳುತ್ತಿದ್ದರು. ಒಂದೇ ಒಂದು ಸಲ ಹಾಕಿದರು. ಕೊನೆಯ ಬಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ, ಮುಖ ಸೊರಗಿ ಅರ್ಧವಾಗಿದ್ದ ಮನುಷ್ಯ, ಸಂತೆ ಬೀದಿಯ ತಿರುವಿನಲ್ಲಿ ನಿಧಾನವಾಗಿ ಒಂದು ಕಾಲೆತ್ತಿ ಇನ್ನೊಂದರ ಮೇಲೆ ಇಟ್ಟುಕೊಂಡು ಹೊರಗೆ ನೋಡತೊಡಗಿದರು. ಬ್ರೇಕಮ್ಮ "ಕಾಲು ಕೆಳಗಿಡಿ" ಎಂದು ಗದರಿದಳು. ಅವರು ಇಡಲಿಲ್ಲ. ಆ ದಾರಿಯಲ್ಲಿ ಅವರು ವಾಪಸು ಬರಲೂ ಇಲ್ಲ.

ಆಮೇಲೆ ಸವತಿಯರಿಬ್ಬರೂ ಒಂದಾದರು. ಬೆಳಗ್ಗೆ ಗಾಜು ಒರೆಸುವ ಕೆಲಸ ಬ್ರೇಕಮ್ಮನಿಗೆ ಬಂತು. ಮೇಷ್ಟ್ರ ಜೀವದ ಗೆಳೆಯ ಒಬ್ಬ ಮೆಕ್ಯಾನಿಕ್, ಯಾರು ಏನು ಕೇಳಿದರೂ "ನೋಡೋಣ" ಅನ್ನುವವನು, ಹಾಗಾಗಿ ಊರವರ ಬಾಯಲ್ಲಿ ನೋಡೋಣ ಮೇಸ್ತ್ರಿ. ಅವನು ಗಾಡಿಯ ಕ್ಲಚ್ ಬದಲಾಯಿಸಿದ, ರೇಡಿಯೇಟರ್ ಬದಲಾಯಿಸಿದ, ಒಮ್ಮೆ ಎಂಜಿನ್ನನ್ನೇ ಬಿಚ್ಚಿ ಹರಡಿ ಮತ್ತೆ ಕಟ್ಟಿದ. ಆದರೆ "ಅತ್ತಿಗೆ, ಆ ಪಕ್ಕದ ಬ್ರೇಕಿನ ಕೇಬಲ್ ಒಂದ್ಸಲ ನೋಡೋಣ" ಎಂದಾಗಲೆಲ್ಲ ಅವಳು ಸಿಡುಕುತ್ತಿದ್ದಳು. ಅದು ಅವರು ಕೈಯಾರೆ ಹಾಕಿದ್ದು, ಅದರ ತಂಟೆಗೆ ಮಾತ್ರ ಹೋಗಬೇಡಿ ಅನ್ನುತ್ತಿದ್ದಳು. ಮೇಸ್ತ್ರಿ ಏನೋ ಹೇಳಲು ಬಾಯಿ ತೆರೆದು, ತಲೆ ಕೆರೆದುಕೊಂಡು, ಸುಮ್ಮನಾಗುತ್ತಿದ್ದ.

ಹೀಗೆ ವರ್ಷಗಳು ಕಳೆದು, ಗಾಡಿಯ ತಳ ತುಕ್ಕು ಹಿಡಿದು, ಇನ್ನು ಇದರಲ್ಲಿ ಪಾಠ ಮಾಡುವಂತಿಲ್ಲ, ವರ್ಷ ಮುಗಿಯುವುದರೊಳಗೆ ಬೇರೆ ಗಾಡಿ ತನ್ನಿ ಎಂದು ಸಾರಿಗೆ ಕಚೇರಿಯವರು ಹೇಳಿ ಕಳಿಸಿದರು. ಮಗಳು ಬ್ಯಾಂಕಿನಲ್ಲಿ ಕೆಲಸಕ್ಕಿದ್ದಳು, ಗಂಡ ಮಕ್ಕಳೊಂದಿಗೆ ಎರಡು ಬೀದಿಯಾಚೆ ಇದ್ದಳು. ಅವಳಂತೂ ಸೊಂಟ ಕಟ್ಟಿ ನಿಂತಳು. ಯಾವ ಕಂಪನಿಯ ಗಾಡಿ ಕಡಿಮೆ ಕೈ ಕೊಡುತ್ತದೆ, ಯಾವುದಕ್ಕೆ ಬಿಡಿಭಾಗ ಸುಲಭವಾಗಿ ಸಿಗುತ್ತದೆ, ಯಾರ ವಾರಂಟಿ ಎಷ್ಟು ವರ್ಷದ್ದು, ಊಟಕ್ಕೆ ಕೂತರೂ ಅದೇ ಮಾತು. ಬ್ರೇಕಮ್ಮ ಹ್ಞೂಂಗುಟ್ಟುತ್ತಿದ್ದಳು. ಒಳಗೊಳಗೆ ಅವಳಿಗೆ ಗಾಡಿಯ ಚಿಂತೆಯೇ ಇರಲಿಲ್ಲ. ಅವಳಿಗಿದ್ದದ್ದು ತನ್ನ ಕಾಲಿನ ಚಿಂತೆ.

ಆದದ್ದು ಇಷ್ಟು. ಅದಕ್ಕೆ ಸ್ವಲ್ಪ ದಿನದ ಹಿಂದೆ ಲೈಬ್ರರಿಯ ಮೇಡಂ ಗಾಡಿ ಓಡಿಸುತ್ತಿದ್ದರು. ಪುಸ್ತಕಗಳ ನಡುವೆ ಪಿಸುಮಾತಿನಲ್ಲೇ ಅರ್ಧ ಆಯಸ್ಸು ಕಳೆದ ಹೆಂಗಸು, ಹಾರನ್ ಒತ್ತುವಾಗಲೂ ಕ್ಷಮೆ ಕೇಳುವ ಮುಖ. ಸಂತೆ ಬೀದಿಯ ಹಿಂದಿನ ಇಕ್ಕಟ್ಟು ರಸ್ತೆಯಲ್ಲಿ, ಗಲ್ಲಿಯೊಂದರಿಂದ ಸೈಕಲ್ ನುಗ್ಗಿತು. ಬ್ರೇಕಮ್ಮ ಒತ್ತಿದಳು. ಒತ್ತಿದ್ದು ಅವಳಿಗೆ ಚೆನ್ನಾಗಿ ನೆನಪಿದೆ. ಆದರೆ ಗಾಡಿ ನಿಲ್ಲಲಿಲ್ಲ, ಕಣ್ಣು ಮಿಟುಕಿಸುವಷ್ಟು ಹೊತ್ತು ಹಾಗೇ ಜಾರಿತು, ಆಮೇಲೆ ಗಕ್ಕನೆ ನಿಂತಿತು. ಸೈಕಲ್ಲಿನವನು ಬಾಯಿಗೆ ಬಂದಂತೆ ಬೈದು ಹೋದ. ಮೇಡಂ ಬೆವರೊರೆಸಿಕೊಂಡು, ನೀವಿದ್ದದ್ದಕ್ಕೆ ಸದ್ಯ ಬದುಕಿದೆ ಅಂದರು. ಬ್ರೇಕಮ್ಮ ಆ ದಿನ ಎಲ್ಲಿಗೆ ಹೊರಟಿದ್ರಿ ಎಂದು ಕೇಳಲಿಲ್ಲ. 

ಮೇಷ್ಟ್ರು ಹಾಕಿದ ಬ್ರೇಕು ತಡವಾಗುವುದುಂಟೇ? ತಡವಾದದ್ದು ತನ್ನ ಕಾಲೇ. ವಯಸ್ಸಾಯಿತು. ಮಿದುಳು ಹೇಳಿದ್ದು ಪಾದಕ್ಕೆ ತಲುಪುವುದು ನಿಧಾನವಾಗಿದೆ. ಇನ್ನೊಬ್ಬರ ಮಕ್ಕಳನ್ನು ಸ್ಟೀರಿಂಗ್ ಮುಂದೆ ಕೂರಿಸಿಕೊಂಡು ಇಂಥ ಕಾಲಿನ ಮೇಲೆ ಭಾರ ಹಾಕುವುದೆಂದರೆ ಪಾಪ. ಮನಸ್ಸು ಎಷ್ಟು ಬೇಗ ಆ ತೀರ್ಮಾನಕ್ಕೆ ಬಂತೆಂದರೆ, ಬೇರೆ ಏನಾದರೂ ಇರಬಹುದೇ ಎಂದು ಅವಳು ಒಮ್ಮೆಯೂ ಯೋಚಿಸಲಿಲ್ಲ. ಹೊಸ ಗಾಡಿ ಬರಲಿ ಎಂಬ ನೆಪ ಹೇಳಿ ಪಾಠ ನಿಲ್ಲಿಸಿದಳು. ಮಗಳಿಗೆ ಹೇಳಲಿಲ್ಲ. ಹೇಳಿದರೆ ಸ್ಕೂಲು ಮುಚ್ಚು ಅನ್ನುತ್ತಾಳೆ. ಮುಚ್ಚಬೇಕಾದದ್ದೇ, ಆದರೆ ಆ ಮಾತು ಬೇರೆಯವರ ಬಾಯಲ್ಲಿ ಬರುವುದು ಅವಳಿಗೆ ಬೇಡವಾಗಿತ್ತು.

ಮಗಳು ಬಾರದ ಹೊತ್ತಿನಲ್ಲಿ ತನ್ನ ಕಾಲನ್ನು ತಾನೇ ಪರೀಕ್ಷೆ ಮಾಡತೊಡಗಿದಳು. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಕಟ್ಟೆಯ ಅಂಚಿನಿಂದ ಚಮಚ ಬೀಳಿಸುವುದು, ಅದು ನೆಲಕ್ಕೆ ಮುಟ್ಟುವ ಮೊದಲು ಪಾದ ಒತ್ತುವುದು. ಪ್ರತಿ ಸಲವೂ ಪಾದವೇ ಗೆಲ್ಲುತ್ತಿತ್ತು. ಆದರೆ ಬೀಳಿಸುವುದೂ ತಾನೇ, ಒತ್ತುವುದೂ ತಾನೇ, ಕಳ್ಳಾಟ ಆಗದೆ ಇರುತ್ತದೆಯೇ ಎಂದು ಸಮಾಧಾನವಿಲ್ಲ. ಮತ್ತೆ ಬೀಳಿಸುವಳು. ಪಕ್ಕದ ಮನೆಯವರು ಒಂದು ದಿನ ಬಂದು, ನಿಮ್ಮ ಮನೆಯಲ್ಲಿ ದಿನವೂ ಇಷ್ಟು ಪಾತ್ರೆ ಬೀಳುತ್ತದಲ್ಲ, ಯಾರಿಗಾದರೂ ಹುಷಾರಿಲ್ಲವೇ ಎಂದು ವಿಚಾರಿಸಿದರು. ಮಗಳು ಸೊಟ್ಟಗಾದ ಚಮಚಗಳನ್ನು ನೋಡಿ, ಅಮ್ಮನಿಗೆ ಕೈ ನಡುಗುತ್ತಿದೆ ಎಂದು ಹೆದರಿ, ಅವಳ ಕೈ ಹಿಡಿದು ಹಿಡಿದು ನೋಡಿದಳು. ಅಮ್ಮನ ಕೈ ಬಂಡೆಯ ಹಾಗೆ ಇತ್ತು. ಮಗಳು ಕೈ ನೋಡುತ್ತಿದ್ದಾಗ ಬ್ರೇಕಮ್ಮ ಪಾದವನ್ನು ಸೀರೆಯೊಳಗೆ ಎಳೆದುಕೊಂಡಳು.

ಒಂದು ಶನಿವಾರ ಮಗಳು ಬಿಡದೆ ಶೋರೂಮಿಗೆ ಎಳೆದುಕೊಂಡು ಹೋದಳು. ಕನ್ನಡಿಯಂಥ ನೆಲ, ಚಪ್ಪಲಿ ಬಿಡಬೇಕೋ ಬೇಡವೋ ತಿಳಿಯದ ಜಾಗ. ಟೈ ಕಟ್ಟಿಕೊಂಡು ಎದುರು ಬಂದ ಮ್ಯಾನೇಜರ್ ಅವಳನ್ನು ಕಂಡದ್ದೇ ಬೆನ್ನು ನೇರ ಮಾಡಿಕೊಂಡ. ಅವನಿಗೂ ಅವಳೇ ಕಲಿಸಿದ್ದು. ತಲೆಯ ಮುಂಭಾಗ ಬೋಳಾಗಿ ಹೊಟ್ಟೆ ಬಂದಿದ್ದರೂ ಟೀಚರ್ ಮುಂದೆ ಕೂತಾಗ ಅವನ ಎರಡು ಕೈ ತಾವಾಗಿಯೇ ಮೇಜಿನ ಮೇಲೆ ಸ್ಟೀರಿಂಗ್ ಹಿಡಿದಂತೆ ಕೂತವು.

ಅವನು ಒಂದು ಬಿಳಿ ಗಾಡಿ ತೋರಿಸಿದ. ಬ್ರೇಕಮ್ಮ ಅದರ ಸುತ್ತ ಒಂದು ಸುತ್ತು ಬಂದು ಮೂಗು ಮುರಿದಳು. ಕನ್ನಡಿ ಚಿಕ್ಕದಂತೆ, ಬಾನೆಟ್ ಎಲ್ಲಿ ಮುಗಿಯುತ್ತದೆಂದು ಕುಳ್ಳಗಿರುವವರಿಗೆ ಕಾಣುವುದಿಲ್ಲವಂತೆ, ಬಾಗಿಲು ಹಾಕಿದರೆ ಸದ್ದೇ ಬರುವುದಿಲ್ಲ, ಹಾಕಿತೋ ಇಲ್ಲವೋ ಗೊತ್ತಾಗುವುದು ಹೇಗಂತೆ. ಹೆಣ್ಣು ನೋಡಲು ಬಂದು ಬೇಡವೆನ್ನಲೆಂದೇ ಕೊಂಕು ಹುಡುಕುವವರ ರೀತಿ ಮಾತಾಡಿದಳು. ಮ್ಯಾನೇಜರ್ ತಾಳ್ಮೆಯಿಂದ ವಾರಂಟಿಯ ಮಾತಿಗೆ ಬಂದ. ಎಂಜಿನ್ನಿಗೆ ಇಷ್ಟು ವರ್ಷ, ಗೇರ್ ಬಾಕ್ಸಿಗೆ ಇಷ್ಟು, ಬೇಕಾದರೆ ಇನ್ನೆರಡು ವರ್ಷ ಮುಂದಕ್ಕೆ ಹಾಕಿಸಿಕೊಳ್ಳಬಹುದು. ಆದರೆ ಕ್ಲಚ್ ಪ್ಲೇಟು, ಬ್ರೇಕಿನ ಪ್ಯಾಡು, ಟೈರು, ವೈಪರ್ ಇವಕ್ಕೆ ಇಲ್ಲ, ಅವು ಸವೆಯುವ ವಸ್ತುಗಳು.

"ಅಂದ್ರೆ ಸವೆಯೋದಕ್ಕೆ ಗ್ಯಾರಂಟಿ ಇಲ್ಲ, ಸವೀದೆ ಇರೋದಕ್ಕೆ ಇದೆ," ಅಂದಳು ಬ್ರೇಕಮ್ಮ. "ಒಳ್ಳೇ ಬುದ್ಧಿವಂತರು ಕಣಪ್ಪ ನಿಮ್ಮ ಕಂಪನಿಯವರು."

ಮಗಳು ಕಣ್ಣು ಬಿಟ್ಟಳು. ಮ್ಯಾನೇಜರ್ ಉಳಿದದ್ದನ್ನೂ ಹೇಳಿಬಿಟ್ಟ. ಪಕ್ಕದ ಸೀಟಿಗೆ ಎರಡನೇ ಬ್ರೇಕು ಹಾಕಿಸಿದರೆ, ಹೊರಗಿನವರು ಪೆಡಲಿಗೆ ಕೈ ಹಾಕಿದಂತಾಗುತ್ತದೆ, ಬ್ರೇಕಿನ ಭಾಗದ ವಾರಂಟಿ ಪೂರ್ತಿ ಹೋಗುತ್ತದೆ. ಮಿಕ್ಕಿದ್ದೆಲ್ಲ ಇರುತ್ತದೆ. ಮಗಳು ಅವನೊಂದಿಗೆ ವಾದಕ್ಕಿಳಿದಳು. ಬ್ರೇಕಮ್ಮನಿಗೆ ಮಾತ್ರ ಹುಡುಕುತ್ತಿದ್ದ ನೆಪ ತಾನಾಗಿಯೇ ಮಡಿಲಿಗೆ ಬಿದ್ದಂತಾಯಿತು. ಬ್ರೇಕಿಗೇ ಗ್ಯಾರಂಟಿ ಇಲ್ಲದ ಗಾಡಿ ಸ್ಕೂಲಿಗೆ ಯಾಕೆ ಎಂದು ಹೊರಟು ನಿಂತಳು.  ಮನೆಯ ಬಾಗಿಲಲ್ಲಿ ಇಳಿಸುವಾಗ ಮಗಳು ಒಂದು ಮಾತು ಹೇಳಿದಳು. "ನಿಂಗೆ ಹೊಸ ಗಾಡಿ ಬೇಡ ಅಂತಲ್ಲ ಅಮ್ಮ. ನಿಂಗೆ ಹಳೇ ಗಾಡೀನೇ ಹೊಸದಾಗಿ ಬೇಕು. ಅದು ಯಾವ ಅಂಗಡೀಲೂ ಸಿಗಲ್ಲ."

ಮಾತು ನಾಟಿತು. ಆ ಸಂಜೆ ಬ್ರೇಕಮ್ಮ ಸವತಿಯ ಪಕ್ಕದ ಸೀಟಿನಲ್ಲಿ ಬಾಗಿಲು ಹಾಕಿಕೊಂಡು ಸುಮ್ಮನೆ ಕೂತಳು. ಸೀಟಿನ ಬಟ್ಟೆ ಅವಳ ಮೈಯ ಅಳತೆಗೆ ತಗ್ಗಿತ್ತು. ಕಾಲ ಬಳಿಯ ಪೆಡಲಿನ ರಬ್ಬರು ಒಂದು ಕಡೆಗೆ ಸವೆದು ಹೊಳೆಯುತ್ತಿತ್ತು, ಸವೆದ ಕಡೆ ಮೇಷ್ಟ್ರ ಬೂಟಿನದೆಷ್ಟೋ ತನ್ನ ಚಪ್ಪಲಿಯದೆಷ್ಟೋ. ಎಷ್ಟು ಜನ ಇಲ್ಲಿ ಕೂತು ಹೆದರಿದರು, ಎಷ್ಟು ಜನ ನಕ್ಕರು. ಆಟೋ ಓಡಿಸುತ್ತೇನೆಂದು ಹೊರಟ ದರ್ಜಿಯ ಹೆಂಡತಿ, ನಿವೃತ್ತಿಯಾದ ಮೇಲೆ ಕಲಿಯಲು ಬಂದು ಪ್ರತಿ ಗೇರಿಗೂ ಕಾರಣ ಕೇಳಿದ ಗಣಿತದ ಉಪಾಧ್ಯಾಯರು, ಹಿಂದಿನ ಸೀಟಿನಲ್ಲಿ ಎರಡು ಜಡೆ ಹಾಕಿಕೊಂಡು ಕೂತು ಎಲ್ಲರ ತಪ್ಪನ್ನೂ ಜೋರಾಗಿ ಎಣಿಸುತ್ತಿದ್ದ ಮಗಳು. ಆಗಿನ ಬೀದಿಯಲ್ಲಿ ಗಾಡಿಗಳೇ ಇರಲಿಲ್ಲ. ಒಂದು ತಪ್ಪು ಮಾಡಿ ಅದನ್ನು ತಿದ್ದಿಕೊಂಡು ಇನ್ನೊಂದು ತಪ್ಪು ಮಾಡುವಷ್ಟು ಜಾಗ ಇರುತ್ತಿತ್ತು. ಬ್ರೇಕಮ್ಮ ಅಲ್ಲೇ ಕೂತು ಅತ್ತಳು. ಅತ್ತು ಮುಗಿದ ಮೇಲೆ ಸ್ಕೂಲು ಮುಚ್ಚುವುದೆಂದು ಗಟ್ಟಿ ಮಾಡಿಕೊಂಡಳು.

ಮರುದಿನ ಗಾಡಿಯನ್ನು ನಿಧಾನವಾಗಿ ಓಡಿಸಿಕೊಂಡು ನೋಡೋಣ ಮೇಸ್ತ್ರಿಯ ಗ್ಯಾರೇಜಿಗೆ ಹೋದಳು. ಗುಜರಿಗೆ ಕೊಟ್ಟುಬಿಡಿ ಅಂದಳು. ಅದಕ್ಕೆ ಮುಂಚೆ ಪಕ್ಕದ ಬ್ರೇಕನ್ನು, ಪೆಡಲು ಕೇಬಲು ಸಮೇತ, ಹುಷಾರಾಗಿ ಬಿಚ್ಚಿ ಕೊಡಬೇಕು, ಮನೆಯಲ್ಲಿ ಇಟ್ಟುಕೊಳ್ಳುತ್ತಾಳಂತೆ. ಮೇಸ್ತ್ರಿ ಇವಳ ಮುಖ ನೋಡಿದ. ಹೊಸ ಗಾಡಿ ಯಾವುದು ಎಂದು ಕೇಳಿದ. ಯಾವುದೂ ಇಲ್ಲ, ಸಾಕು ಅಂದಳು. ಅವನು ಬಿಡಲಿಲ್ಲ. ಬಣ್ಣದ ಡಬ್ಬದ ಮೇಲೆ ಬಟ್ಟೆ ಹಾಸಿ ಅವಳನ್ನು ಕೂರಿಸಿ, ಟೀ ತರಿಸಿ, ಕೆದಕಿ ಕೆದಕಿ ಕೇಳಿದ. ಕೊನೆಗೆ ಮಗಳಿಗೂ ಹೇಳದ ಮಾತನ್ನು ಅವಳು ಅವನಿಗೆ ಹೇಳಿದಳು. ಸಂತೆ ಬೀದಿ, ಸೈಕಲ್, ತಡವಾದ ಕಾಲು.

ಈ ಸಲ ಮೇಸ್ತ್ರಿ ನೋಡೋಣ ಅನ್ನಲಿಲ್ಲ. ಟೀ ಲೋಟವನ್ನು ಹಾಗೇ ಇಟ್ಟು ಗಾಡಿಯೊಳಗೆ ತಲೆ ತೂರಿಸಿದ. ಸ್ಪ್ಯಾನರ್ ಸದ್ದು ಬಂತು, ಅವನ ಏದುಸಿರು ಬಂತು. ಹೊರಗೆ ಬಂದಾಗ ಕೈಯಲ್ಲಿ ಕೇಬಲ್ ಇತ್ತು. ಅದರ ಕಪ್ಪು ಕವಚವನ್ನು ಚಾಕುವಿನಿಂದ ಉದ್ದಕ್ಕೆ ಸೀಳಿ ಅವಳ ಮುಂದೆ ಹಿಡಿದ. ಒಳಗಿನ ಉಕ್ಕಿನ ಎಳೆಗಳು ಅರ್ಧಕ್ಕೂ ಹೆಚ್ಚು ತುಂಡಾಗಿ, ತುಕ್ಕು ಹಿಡಿದು, ಒಂದು ಕಡೆ ಗಂಟು ಗಂಟಾಗಿ ಸೇರಿಕೊಂಡಿದ್ದವು. ಆ ಗಂಟು ಕವಚಕ್ಕೆ ಸಿಕ್ಕಿಕೊಂಡರೆ ಇಲ್ಲಿ ಒತ್ತಿದ್ದು ಅಲ್ಲಿಗೆ ಹೋಗುವುದಿಲ್ಲ, ಸಿಕ್ಕಿಕೊಳ್ಳದಿದ್ದರೆ ಸರಾಗ. ಒಂದೊಂದು ಸಲ ಒಂದೊಂದು ತರ.

"ನಿಮ್ಮ ಕಾಲು ಸರಿಯಾಗೇ ಇದೆ ಅತ್ತಿಗೆ," ಅಂದ. "ಕೈ ಕೊಟ್ಟದ್ದು ಇದು."

ಬ್ರೇಕಮ್ಮನಿಗೆ ಮೊದಲು ಸಂತೋಷವಾಗಬೇಕಿತ್ತು. ಆಗಲಿಲ್ಲ. ಆ ತುಕ್ಕು ಎಳೆಗಳನ್ನು ಮುಟ್ಟಿ ನೋಡಿದಳು. "ಅವರು ಹಾಕಿದ್ದು ಕೆಡಲ್ಲ ಅಂದಿದ್ರು," ಅಂದಳು. "ಇಷ್ಟು ವರ್ಷ ಕೆಟ್ಟಿರ್ಲಿಲ್ಲ."

ಮೇಸ್ತ್ರಿ ಎಣ್ಣೆ ಮೆತ್ತಿದ ಕೈಯನ್ನು ಒರೆಸಿದ, ಮತ್ತೆ ಒರೆಸಿದ. ಆಮೇಲೆ ಅವಳ ಎದುರು ಕುಕ್ಕರಗಾಲಲ್ಲಿ ಕೂತ.

"ಕೆಡ್ತಿತ್ತು ಅತ್ತಿಗೆ. ಎರಡು ಮೂರು ವರ್ಷಕ್ಕೊಂದ್ಸಲ ಹೋಗ್ತಾನೇ ಇತ್ತು. ನೀವು ತವರಿಗೆ ಹೋದಾಗ ಅವ್ನು ಗಾಡಿ ಇಲ್ಲಿಗೆ ತರ್ತಿದ್ದ, ಇಬ್ರೂ ಸೇರಿ ಹೊಸಾ ಕೇಬಲ್ ಹಾಕ್ತಿದ್ವಿ. ಬ್ರೇಕು ಹೋಗತ್ತೆ ಅಂತ ಗೊತ್ತಾದ್ರೆ ಇವ್ಳು ಮತ್ತೆ ಆ ಸೀಟಲ್ಲಿ ಕೂರಲ್ಲ, ಹೇಳ್ಬೇಡ ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ದ. ಅವ್ನು ಹೋದ್ಮೇಲೆ ನಾನು ಕೇಳ್ದಾಗೆಲ್ಲ ನೀವು ಬೈದ್ರಿ. ಸತ್ತವನ ಮಾತು ಸುಳ್ಳು ಅಂತ ಯಾವ ಬಾಯಲ್ಲಿ ಹೇಳ್ಲಿ? ಇವತ್ತು ನೋಡೋಣ ನಾಳೆ ನೋಡೋಣ ಅಂತ ತಳ್ಕೊಂಡು ಬಂದೆ. ತಪ್ಪು ನಂದೂ ಇದೆ."

 ಬ್ರೇಕಮ್ಮನಿಗೆ ತವರಿನಿಂದ ವಾಪಸು ಬಂದ ದಿನಗಳು ನೆನಪಾದವು. ಬಂದಾಗಲೆಲ್ಲ ಪೆಡಲು ಬೆಣ್ಣೆಯ ಹಾಗೆ ಇಳಿಯುತ್ತಿತ್ತು. ನೀನಿಲ್ಲದಿದ್ದರೆ ಅದಕ್ಕೂ ಸ್ವಲ್ಪ ವಿಶ್ರಾಂತಿ ಎಂದು ಮೇಷ್ಟ್ರು ತಮಾಷೆ ಮಾಡುತ್ತಿದ್ದರು. ಅವರ ಉಗುರಿನ ಸಂದಿಯಲ್ಲಿ ಗ್ರೀಸ್ ಇರುತ್ತಿತ್ತು, ಸವತಿಯ ಸೇವೆ ಜೋರಾಗಿದೆ ಎಂದು ಇವಳು ಹಂಗಿಸುತ್ತಿದ್ದಳು. ಕೇಬಲ್ಲಿಗೆ ನಾನು ಗ್ಯಾರಂಟಿ ಅಂದರೆ ಕೇಬಲ್ ಗಟ್ಟಿ ಎಂದು ಇವಳು ತಿಳಿದಿದ್ದಳು. ಗಟ್ಟಿಯಾಗಿದ್ದವರು ಅವರು. ಅವರು ಹೋದ ದಿನವೇ ಆ ಗ್ಯಾರಂಟಿಯೂ ಮುಗಿದಿತ್ತು. ತಾನು ಅದನ್ನು ದೇವರ ಹಾಗೆ ಮುಟ್ಟದೆ ಇಟ್ಟು, ಅದರ ಮೇಲೆ ಊರಿನ ಮಕ್ಕಳನ್ನೆಲ್ಲ ಕೂರಿಸಿ ಓಡಾಡಿಸಿದೆ ಎಂದು ಅವಳಿಗೆ ಆಗ ಹೊಳೆಯಿತು. ಅಷ್ಟು ವರ್ಷ ಯಾರಿಗೂ ಏನೂ ಆಗದ್ದು ಪುಣ್ಯ. ಪ್ರೀತಿಯಿಂದ ಮಾಡಿದ ತಪ್ಪು ತಪ್ಪಲ್ಲವೆಂದು ತನಗೆ ತಾನೇ ಹೇಳಿಕೊಳ್ಳಲು ನೋಡಿದಳು, ಆಗಲಿಲ್ಲ.

ಮನೆಗೆ ಹೋಗುವ ಮೊದಲು ಮಗಳ ಬ್ಯಾಂಕಿಗೆ ಹೋಗಿ, ಕೌಂಟರಿನ ಈಚೆ ನಿಂತೇ ಎಲ್ಲವನ್ನೂ ಹೇಳಿದಳು. ಕಾಲು, ಚಮಚ, ಕೇಬಲ್, ಅಪ್ಪ. ಮಗಳು ಬೈಯಲು ಶುರು ಮಾಡಿದವಳು ಅಪ್ಪನ ವಿಷಯ ಬಂದಾಗ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಸಾಲಿನಲ್ಲಿ ನಿಂತಿದ್ದವರಲ್ಲಿ ಇಬ್ಬರು ಬ್ರೇಕಮ್ಮನ ಶಿಷ್ಯರೇ ಇದ್ದರು. ಅವರು ಮರ್ಯಾದೆಯಿಂದ ಬೇರೆ ಕಡೆ ನೋಡಿದರು.

ಅದೇ ಬಿಳಿ ಗಾಡಿ ಬಂತು. ಎಂಜಿನ್ ವಾರಂಟಿ, ಗೇರ್ ಬಾಕ್ಸ್ ವಾರಂಟಿ, ಮುಂದಿನ ಎರಡು ವರ್ಷದ್ದು, ಮಗಳು ಕೇಳಿದ್ದೆಲ್ಲ ಹಾಕಿಸಿದಳು. ಬ್ರೇಕಿನ ವಾರಂಟಿ ಹೋಗುತ್ತದಲ್ಲ ಟೀಚರ್ ಎಂದು ಮ್ಯಾನೇಜರ್ ಮತ್ತೊಮ್ಮೆ ಎಚ್ಚರಿಸಿದ. ಹೋಗಲಿ ಬಿಡಪ್ಪ, ಅದನ್ನು ನಾವು ನೋಡಿಕೊಳ್ಳುತ್ತೇವೆ ಅಂದಳು. ಮೇಸ್ತ್ರಿ ಎರಡು ದಿನ ಗ್ಯಾರೇಜಿನ ಬಾಗಿಲು ಹಾಕಿಕೊಂಡು ಪಕ್ಕದ ಬ್ರೇಕು ಕೂರಿಸಿದ. ಪೆಡಲು ಹಳೆಯದೇ, ಸವೆದ ರಬ್ಬರಿನದು. ಕೇಬಲ್ ಹೊಸದು.

"ಇದಕ್ಕೆ ಎಷ್ಟು ದಿನ ಗ್ಯಾರಂಟಿ?" ಎಂದು ಬ್ರೇಕಮ್ಮ ಕೇಳಿದಳು.

"ಎರಡು ವರ್ಷ. ಆಮೇಲೆ ನೀವೇ ಬಂದು ಬದಲಾಯಿಸ್ಕೊಂಡು ಹೋಗ್ಬೇಕು. ಕದ್ದು ಹಾಕೋಕೆ ನನ್ನ ಕೈಲಾಗಲ್ಲ ಅತ್ತಿಗೆ."

ಮೊದಲ ಪಾಠಕ್ಕೆ ಅವಳೇ ಲೈಬ್ರರಿಯ ಮೇಡಮ್ಮನ್ನು ಕರೆದಳು. ಹೊಸ ಗಾಡಿಯೆಂದು ಮೇಡಂ ಉಸಿರು ಬಿಗಿಹಿಡಿದು ಕೂತಿದ್ದರು. ಬಾಗಿಲು ಹಾಕಿದ್ದು ಗೊತ್ತಾಗದೆ ಎರಡು ಸಲ ಹಾಕಿದರು. ಸಂತೆ ಬೀದಿಯ ಹಿಂದಿನ ರಸ್ತೆಗೆ ಬರುವಾಗ ಬ್ರೇಕಮ್ಮ ತಾನಾಗಿಯೇ ಹಳೆಯ ಕೇಬಲ್ಲಿನ ಕತೆ ಹೇಳಿದಳು, ಮುಚ್ಚಿಡದೆ ಹೇಳಿದಳು. ನಿಮ್ಮನ್ನು ಅಂಥ ಗಾಡಿಯಲ್ಲಿ ಕೂರಿಸಿದ್ದಕ್ಕೆ ಕ್ಷಮೆ ಇರಲಿ ಅಂದಳು.  ಗಲ್ಲಿಯ ಬಾಯಿ ಬಂದಾಗ ಮೇಡಂ ನಿಧಾನ ಮಾಡಿದರು, ಎರಡು ಕಡೆ ನೋಡಿದರು, ಒಬ್ಬ ಮುದುಕನಿಗೆ ದಾಟಲು ದಾರಿ ಬಿಟ್ಟರು. ದಾಟಿಯಾದ ಮೇಲೆ ಅದೇ ಪಿಸುದನಿಯಲ್ಲಿ ಕೇಳಿದರು.

"ಹಾಗಾದ್ರೆ ಆವತ್ತು ಗಾಡಿ ನಿಲ್ಲಿಸಿದ್ದು ಯಾರು ಟೀಚರ್?"

ಬ್ರೇಕಮ್ಮ ಮೇಡಮ್ಮನ ಕಾಲಿನ ಕಡೆ ಒಮ್ಮೆ ನೋಡಿದಳು. ಸೀರೆಯ ನೆರಿಗೆ ಸರಿಸಿ, ಕಾಲೆತ್ತಿ ಕಾಲ ಮೇಲೆ ಹಾಕಿಕೊಂಡು, ಕಿಟಕಿಯ ಹೊರಗೆ ನೋಡತೊಡಗಿದಳು.

ಪಕ್ಕದಲ್ಲಿ ಮೇಡಂ ಮೂಗು ಎಳೆದುಕೊಂಡದ್ದು ಕೇಳಿಸಿತು. ಎದುರಿಗೆ ಬಸ್ ಇರಲಿಲ್ಲ, ಹಾಗಾಗಿ ಅಳಲು ಬಿಟ್ಟಳು. ಗಾಡಿ ಸಂತೆ ಬೀದಿಗೆ ತಿರುಗಿತು, ಹೊರಗೆ ಬೀದಿ ಸಾವಕಾಶವಾಗಿ ಸರಿಯುತ್ತಿತ್ತು. ಹೂವಿನ ಅಂಗಡಿ, ಬೀಗ ರಿಪೇರಿಯವನು, ಮಹಡಿಯ ಮೇಲೆ ಒಣಗಲು ಹಾಕಿದ ಬಟ್ಟೆ, ಯಾರನ್ನೋ ಕೂಗುತ್ತಿರುವ ಹುಡುಗಿ. ಎಷ್ಟು ವರ್ಷದಿಂದ ಈ ಬೀದಿಯಲ್ಲಿ ಓಡಾಡಿದ್ದರೂ ಕಾಲ ಮೇಲೆ ಕಾಲು ಹಾಕಿದಾಗಲೂ ಓರೆಗಣ್ಣನ್ನು ರಸ್ತೆಯ ಮೇಲೇ ಇಟ್ಟು ಕೂತವಳು ಇದನ್ನೆಲ್ಲ ನೆಟ್ಟಗೆ ನೋಡಿರಲಿಲ್ಲ. ಇದೇ ತಿರುವಿನಲ್ಲಿ ಮೇಷ್ಟ್ರು ಹೊರಗೆ ನೋಡುತ್ತ ಕೂತಾಗ ಅವರು ಸಾವನ್ನು ನೋಡುತ್ತಿದ್ದಾರೆಂದು ತಿಳಿದು ಅವಳು ಗದರಿದ್ದಳು. ಅವರು ನೋಡುತ್ತಿದ್ದದ್ದು ಬೀದಿಯನ್ನು. ಹೆಂಡತಿ ಓಡಿಸುತ್ತಿದ್ದಳು, ಅವರಿಗೆ ಬೇರೆ ಕೆಲಸ ಇರಲಿಲ್ಲ.